ನಿದ್ದೆಯಲ್ಲಿ ಹಲ್ಲು ಕಡಿಯುವುದು: ಕಾರಣ ಹಲ್ಲಿನಲ್ಲಿದೆಯೇ?

ಹಲ್ಲು ಕಡಿಯುವ ಸ್ಥಿತಿಯನ್ನು ದಂತವೈದ್ಯರು ಬ್ರಕ್ಸಿಸಂ ಎನ್ನುತ್ತಾರೆ. ವಿಯೆನ್ನಾದ ಕರೋಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ವಸಡಿನ ರೋಗಕ್ಕೆ ಜೋಡಿಸಿದ್ದರು. 1907ರಲ್ಲಿ ಫ್ರಾನ್ಸಿನ ಮಾರಿ ಮತ್ತು ಪೀಟ್ಕೀವಿಚ್ ಇದಕ್ಕೊಂದು ಹೆಸರು ಕೊಟ್ಟರು. ಎಚ್ಚರದಲ್ಲಿ ಹಲ್ಲು ಬಿಗಿಹಿಡಿಯುವುದೂ ನಿದ್ದೆಯಲ್ಲಿ ಕಡಿಯುವುದೂ ಬೇರೆಬೇರೆ ಎಂಬುದನ್ನು, ಮಾನಸಿಕ ಒತ್ತಡ, ಧೂಮಪಾನ, ಮದ್ಯ, ಖಿನ್ನತೆಯ ಕೆಲವು ಮಾತ್ರೆಗಳಿಗೂ ಇದಕ್ಕೂ ನಂಟಿದೆ ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪಿಗೆ ಕಷ್ಟವಾಗಿರುವುದು ಒಂದು ಪ್ರಶ್ನೆಯಲ್ಲಿ: ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸರಿಯಾಗಿ ಕೂಡದಿರುವುದೇ ನಿದ್ದೆಯಲ್ಲಿನ ಕಡಿತಕ್ಕೆ ಕಾರಣವೇ? ಹೌದೆಂದರೆ ಹಲ್ಲನ್ನು ತೇಯ್ದು ಸರಿಪಡಿಸುವುದೇ ಚಿಕಿತ್ಸೆ. ಅಲ್ಲವೆಂದರೆ, ಮತ್ತೆ ಬೆಳೆಯದ ಎನಾಮಲನ್ನು ವೃಥಾ ಕಳೆದಂತಾಗುತ್ತದೆ.

ಹೌದು ಎಂಬ ಉತ್ತರಕ್ಕೆ ಅಧಿಕಾರ ತಂದುಕೊಟ್ಟವರು ಮಿಷಿಗನ್ ವಿಶ್ವವಿದ್ಯಾಲಯದ ರಾಮ್‌ಫ್ಯೋರ್ಡ್. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿ 1961ರಲ್ಲಿ ಅವರು ಪ್ರಕಟಿಸಿದ ಲೇಖನ, ಕಚ್ಚುವಾಗ ಅಡ್ಡ ಬರುವ ಎತ್ತರದ ಜಾಗಗಳು ಕಡಿತವನ್ನು ಕೆರಳಿಸುತ್ತವೆ, ಅವನ್ನು ತೆಗೆದರೆ ಅದು ನಿಲ್ಲುತ್ತದೆ ಎಂದು ವಾದಿಸಿತು. ವೈದ್ಯರಿಗೆ ಇದು ನಂಬಲು ಸುಲಭವಾಗಿತ್ತು. ಸವೆದ ಹಲ್ಲು ಕಣ್ಣಿಗೆ ಕಾಣುತ್ತದೆ, ಬಣ್ಣದ ಕಾಗದ ಕಚ್ಚಿಸಿದರೆ ಎತ್ತರದ ಜಾಗವೂ ಕಾಣುತ್ತದೆ, ತೇಯಲು ಯಂತ್ರ ಕೈಯಲ್ಲೇ ಇದೆ. ಆದರೆ ಆ ಅಧ್ಯಯನದಲ್ಲಿ ಚಿಕಿತ್ಸೆ ಪಡೆಯದವರ ಹೋಲಿಕೆಯ ಗುಂಪು ಇರಲಿಲ್ಲ. ಹಲ್ಲು ಕಡಿಯುವುದು ರಾತ್ರಿಯಿಂದ ರಾತ್ರಿಗೆ ತಾನಾಗಿಯೇ ಏರಿಳಿಯುತ್ತದೆ. ಕಡಿತ ಜೋರಾಗಿದ್ದಾಗಲೇ ವೈದ್ಯರ ಬಳಿ ಹೋದವರಿಗೆ, ಏನು ಮಾಡಿದರೂ ಮಾಡದಿದ್ದರೂ, ಕೆಲವು ದಿನಗಳಲ್ಲಿ ಕಡಿಮೆಯಾದಂತೆ ತೋರಬಹುದು.

ಈ ವಾದವನ್ನು ತಿರುಗಿಸಿ ಪರೀಕ್ಷಿಸುವ ದಾರಿಯೊಂದಿದೆ: ಇಲ್ಲದ ಅಡ್ಡಿಯನ್ನು ಬೇಕೆಂದೇ ಉಂಟುಮಾಡಿ ನೋಡುವುದು. 1984ರಲ್ಲಿ ರೂ ಮತ್ತು ಸಂಗಡಿಗರು ಎತ್ತರ ಹೆಚ್ಚಿದ ಕ್ಯಾಪ್‌ಗಳನ್ನು ಕೂರಿಸಿ ರಾತ್ರಿಯ ಸ್ನಾಯು ಚಟುವಟಿಕೆಯನ್ನು ಅಳೆದರು. ಹೆಚ್ಚಿನವರಲ್ಲಿ ಅದು ಏರಲಿಲ್ಲ, ಇಳಿಯಿತು. 2005ರಲ್ಲಿ ಇಟಲಿಯ ಮಿಕೆಲೊಟ್ಟಿ ಮತ್ತು ಸಂಗಡಿಗರು ದವಡೆಹಲ್ಲಿಗೆ ಚಿನ್ನದ ತೆಳು ಪಟ್ಟಿ ಅಂಟಿಸಿದಾಗ ಹಗಲಿನ ಚಟುವಟಿಕೆಯೂ ತಗ್ಗಿತು. ನೋವಾಗುವ ಕಡೆ ಒತ್ತದಂತೆ ದವಡೆ ತಪ್ಪಿಸಿಕೊಳ್ಳುತ್ತದೆ ಎಂದು ಇದನ್ನು ಅರ್ಥೈಸಬಹುದು. ಆಕ್ಷೇಪಗಳು ಹಗುರವಲ್ಲ. ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯವರು, ಅವಧಿ ಅಲ್ಪ. ದಿಢೀರನೆ ಬಂದ ಅಡ್ಡಿಯೂ ವರ್ಷಗಳಿಂದ ಇರುವ ಅಡ್ಡಿಯೂ ಒಂದೇ ಅಲ್ಲ. ಫಿನ್ಲೆಂಡಿನ ಲೆ ಬೆಲ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ, ಹಿಂದೆ ದವಡೆ ಕೀಲಿನ ತೊಂದರೆಯಿದ್ದವರು ಇಂಥ ಅಡ್ಡಿಗೆ ಹೊಂದಿಕೊಳ್ಳಲು ಹೆಚ್ಚು ಕಷ್ಟಪಟ್ಟರು. ಆದರೆ ಅಲ್ಲಿ ತೂಗಿದ್ದು ಅವರ ತೊಂದರೆಯ ಲಕ್ಷಣಗಳನ್ನು, ರಾತ್ರಿಯ ಕಡಿತವನ್ನಲ್ಲ. ಅಡ್ಡಿಯಿಂದ ಕೆಲವರಿಗೆ ನೋವಾದೀತು ಎಂಬುದರಿಂದ ಅಡ್ಡಿಯೇ ಕಡಿತ ತರುತ್ತದೆ ಎಂದು ಸಾಧಿಸಿದಂತಾಗುವುದಿಲ್ಲ.

ಮಾಂಟ್ರಿಯಲ್‌ನ ಲವೀನ್ ಮತ್ತು ಕಾಟೊ ಅವರ ನಿದ್ರಾ ಪ್ರಯೋಗಾಲಯದ ದಾಖಲೆಗಳು ನನಗೆ ಇನ್ನೂ ನಿರ್ಣಾಯಕವಾಗಿ ಕಾಣುತ್ತವೆ. ಕಡಿತಕ್ಕೆ ಕೆಲವು ನಿಮಿಷ ಮೊದಲೇ ಹೃದಯವನ್ನು ಚುರುಕಾಗಿಸುವ ನರಗಳ ಚಟುವಟಿಕೆ ಏರುತ್ತದೆ, ಸುಮಾರು 4 ಸೆಕೆಂಡ್ ಮೊದಲು ಮಿದುಳಿನ ಅಲೆಗಳು ವೇಗಗೊಳ್ಳುತ್ತವೆ, ನಾಡಿಬಡಿತ ಏರುತ್ತದೆ, ಗದ್ದದಡಿಯ ಸ್ನಾಯುಗಳು ಅಲುಗುತ್ತವೆ, ಕಟ್ಟಕಡೆಗೆ ಕೆನ್ನೆಯ ಸ್ನಾಯು ಬಿಗಿದು ಹಲ್ಲು ಹಲ್ಲಿಗೆ ಉಜ್ಜುತ್ತದೆ. ಹಲ್ಲುಗಳ ತಾಗುವಿಕೆ ಈ ಸರಣಿಯ ತುದಿಯಲ್ಲಿದೆ, ಮೊದಲಲ್ಲಿಲ್ಲ. ಹಲ್ಲು ಕಡಿಯದವರಲ್ಲೂ ಸುಮಾರು 60%ರಷ್ಟು ಜನರಲ್ಲಿ ನಿದ್ದೆಯ ಹೊತ್ತು ಇದೇ ಲಯದ ದವಡೆ ಚಲನೆ ಕಂಡುಬಂದಿದೆ. ಮೊದಲಾಗುವುದು ಮಿದುಳಿನಲ್ಲಾದರೂ ಕಚ್ಚಿನ ದೋಷ ಅದರ ಬಲವನ್ನು ಹೆಚ್ಚಿಸಬಾರದೇಕೆ ಎಂದು ಕೇಳಬಹುದು. ತಾರ್ಕಿಕವಾಗಿ ಅದು ಸಾಧ್ಯ. ಮೇಲಿನ ಪ್ರಯೋಗಗಳು ಅದನ್ನು ಪೂರ್ತಿ ಅಲ್ಲಗಳೆಯುವಷ್ಟು ದೊಡ್ಡವಲ್ಲ. ಹಾಗಾಗಿ ನನ್ನ ವಾದವನ್ನು ಇಷ್ಟಕ್ಕೆ ಸೀಮಿತಗೊಳಿಸುತ್ತೇನೆ: ನಿದ್ದೆಯಲ್ಲಿನ ಕಡಿತವನ್ನು ನಿಲ್ಲಿಸುವ ಒಂದೇ ಉದ್ದೇಶದಿಂದ ಆರೋಗ್ಯವಂತ ಹಲ್ಲನ್ನು ತೇಯುವುದಕ್ಕೆ ಈಗಿರುವ ಸಾಕ್ಷ್ಯ ಸಾಲದು. ಹೊಸದಾಗಿ ತುಂಬಿಸಿದ ಹಲ್ಲು ಎತ್ತರವಾಗಿ ಚುಚ್ಚುತ್ತಿದ್ದರೆ ಅದನ್ನು ತಗ್ಗಿಸುವುದು ಬೇರೆಯೇ ಮಾತು, ತಗ್ಗಿಸಲೇಬೇಕು.

ಹಾಗಾದರೆ ರಾತ್ರಿ ಹಲ್ಲಿಗೆ ತೊಡುವ ನೈಟ್ ಗಾರ್ಡ್ ಹಾಕಿದವರು ಚೇತರಿಸಿಕೊಳ್ಳುವುದು ಹೇಗೆ, ಅದು ಕಚ್ಚನ್ನು ಸಮಮಾಡುವುದರಿಂದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. 2004ರಲ್ಲಿ ಮಾಂಟ್ರಿಯಲ್‌ನಲ್ಲೂ 2005ರಲ್ಲಿ ನೆದರ್ಲೆಂಡ್ಸ್‌ನಲ್ಲೂ ಗಾರ್ಡನ್ನು, ಅಂಗುಳನ್ನಷ್ಟೇ ಮುಚ್ಚಿ ಕಚ್ಚುವ ಮೇಲ್ಮೈಯನ್ನು ಬಿಡುವ ತಟ್ಟೆಯೊಡನೆ ಹೋಲಿಸಿದರು. ಎರಡರ ಪರಿಣಾಮದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಕಚ್ಚನ್ನು ಮುಟ್ಟದ ತಟ್ಟೆಯೂ ಅಷ್ಟೇ ಮಾಡುವುದಾದರೆ ಗಾರ್ಡಿನ ಗುಣವನ್ನು ಕಚ್ಚಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಗಾರ್ಡು ಸ್ಕೂಟರ್ ಸವಾರನ ಹೆಲ್ಮೆಟ್ಟಿನಂತೆ: ಪೆಟ್ಟನ್ನು ತಡೆಯುತ್ತದೆ, ಅಪಘಾತವನ್ನಲ್ಲ. ಹಲ್ಲಿನ ಉಳಿವಿಗೆ ಅಷ್ಟೂ ದೊಡ್ಡದೇ. ಗೊರಕೆಯೊಂದಿಗೆ ಉಸಿರು ಕಟ್ಟುವವರು ಮಾತ್ರ ಮೊದಲು ನಿದ್ದೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು, ಏಕೆಂದರೆ ಮೇಲ್ದವಡೆಯ ಗಾರ್ಡು ಕೆಲವರಲ್ಲಿ ಉಸಿರುಕಟ್ಟನ್ನು ಹೆಚ್ಚಿಸಿದ್ದು ಕಂಡಿದೆ. ಬೊಟುಲಿನಮ್ ಚುಚ್ಚುಮದ್ದು ಬಿಗಿತದ ಬಲವನ್ನು ತಗ್ಗಿಸಿದರೂ ಕಡಿತದ ಲಯವನ್ನು ನಿಲ್ಲಿಸುವುದಿಲ್ಲ; ಇದೂ ಮೂಲ ಸ್ನಾಯುವಿನಲ್ಲಿಲ್ಲ ಎಂಬ ಕಡೆಗೇ ಬೆರಳು ತೋರುತ್ತದೆ.

2018ರ ಅಂತಾರಾಷ್ಟ್ರೀಯ ಒಮ್ಮತದ ಹೇಳಿಕೆ ಇನ್ನೂ ಮುಂದೆ ಹೋಗಿ, ಉಳಿದಂತೆ ಆರೋಗ್ಯವಾಗಿರುವವರಲ್ಲಿ ಇದನ್ನು ಕಾಯಿಲೆಯೆಂದಲ್ಲ, ಒಂದು ವರ್ತನೆಯೆಂದು ಕಾಣಬೇಕೆಂದಿತು. ಹಾನಿ ಎಲ್ಲಿಂದ ಶುರುವಾಗುತ್ತದೆ ಎಂಬುದು ಇದರಿಂದ ಇತ್ಯರ್ಥವಾಗಿಲ್ಲ. ಎನಾಮಲಿನ ಸವೆತ ವರ್ಷಗಳ ಒಟ್ಟು ಮೊತ್ತವಾದ್ದರಿಂದ ನಿನ್ನೆಯ ರಾತ್ರಿಯ ಬಗ್ಗೆ ಏನನ್ನೂ ಹೇಳದು, ಹುಳಿ ಪಾನೀಯವೂ ಹೊಟ್ಟೆಯ ಆಮ್ಲವೂ ಅದರಲ್ಲಿ ಪಾಲುದಾರರು. ಒಂದು ರಾತ್ರಿಯಲ್ಲಿ ಎಷ್ಟು ಸಲ, ಎಷ್ಟು ಬಲವಾಗಿ ಕಡಿದರೆ ಯಾರ ಹಲ್ಲಿಗೆ ಅಪಾಯ ಎಂಬುದನ್ನು, ಅದೇ ವ್ಯಕ್ತಿಗಳನ್ನು ವರ್ಷಗಟ್ಟಲೆ ಮನೆಯಲ್ಲೇ ಅಳೆಯುವ ಅಧ್ಯಯನಗಳು ಹೇಳಬೇಕಿದೆ.