ಉದ್ಯಾನದ ಎಲ್ಲೆ

ಕಳೆದ ತಿಂಗಳು ನಮ್ಮೂರ ಪುರಸಭೆಯ ಹಳೆಯ ಉದ್ಯಾನವನ್ನು ಹೊಸದಾಗಿ ರೂಪಿಸುವ ವಿಚಾರವಾಗಿ ಒಂದು ಸಭೆ ಸೇರಿತ್ತು. ನನಗೂ ಕರೆ ಬಂದಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸುವವನಿಗೆ ಉದ್ಯಾನದ ನಕ್ಷೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಬಾಗಿಲಲ್ಲಿ ನಿಲ್ಲಿಸುವ ಕಲ್ಲಿನ ಮೇಲೆ ಕೆತ್ತಿಸಲು ನಾಲ್ಕು ಸಾಲು ಇತಿಹಾಸ ಬೇಕಾಗಿತ್ತು, ಅಷ್ಟೆ. ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ನಕ್ಷೆಯನ್ನು ಸರಿಯಾಗಿ ನೋಡಿದ್ದು ಮನೆಗೆ ಬಂದ ಮೇಲೆ. ಕಾರಂಜಿಯುಂಟು, ಸಿಮೆಂಟಿನ ದಾರಿಯುಂಟು. ರಸ್ತೆಯ ಕಡೆಗೆ, ಈಗ ಬೇವಿನ ಮರಗಳಿರುವ ಜಾಗದಲ್ಲಿ, ಆರು ಅಂಗಡಿಗಳುಂಟು. ಅಂಗಡಿಗಳ ಬಾಡಿಗೆಯಿಂದ ಉದ್ಯಾನದ ಖರ್ಚು ಸಾಗಬೇಕೆಂಬುದು ಯೋಜನೆ.

ಊರಿನ ಹೆಸರು ಹೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಯಾವ ಊರಿನವರಾದರೂ ಇದು ತಮ್ಮದೇ ಎಂದುಕೊಂಡರೆ ತಪ್ಪಿಲ್ಲ.

ಇತಿಹಾಸ ಹುಡುಕುತ್ತ ಕುಳಿತೆ. ನಮ್ಮ ಸೀಮೆಗೆ ಹೂದೋಟ ಹೊಸದಲ್ಲ. ರಾಯಬಾಗದ ಹೆಸರು ಕೇಳಿದವರು ಅದರ ಕೊನೆಯ 'ಬಾಗ'ವನ್ನು ಪಾರಸಿಯ ತೋಟವೆಂದೇ ತಿಳಿಯುವುದುಂಟು. ಆದರೆ ಪಾರಸಿ ಇಲ್ಲಿ ಕಾಲಿಡುವ ಮೊದಲೇ, ರಟ್ಟರ ಕಾಲದ ಶಾಸನಗಳಲ್ಲಿ, ಆ ಊರು 'ಹೂವಿನಬಾಗೆ'. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಗಿಡ ಬೆಳೆಸುವ ಮಾತೂ ಇದೆ, ವನಕ್ರೀಡೆಯ ಮಾತೂ ಇದೆ. ಆದರೆ ಅದು ಅರಸನ ವನ. ಶಾಸನಗಳಲ್ಲಿ ಕಾಣುವ ಹೂದೋಟ ದೇವರದು. ಊರಿನ ಯಾವನಾದರೂ ಬಂದು ಸುಮ್ಮನೆ ಕುಳಿತುಕೊಳ್ಳಬಹುದಾದ ತೋಟ ಆಗ ಇರಲಿಲ್ಲ. ಬಾವಿಕಟ್ಟೆ, ಗುಡಿಯ ಅಂಗಳ, ಅಶ್ವತ್ಥಕಟ್ಟೆಗಳೇ ಆ ಕೆಲಸ ಮಾಡುತ್ತಿದ್ದುವು.

ಸರ್ವಜನಿಕರ ಉದ್ಯಾನ ನಮ್ಮ ನಾಡಿಗೆ ಬಂದದ್ದು ತಡವಾಗಿ. ಬೆಂಗಳೂರಿನ ಲಾಲ್‌ಬಾಗ್ 1760ರಲ್ಲಿ ಹೈದರಲಿಯ ಸ್ವಂತ ತೋಟವಾಗಿ ಹುಟ್ಟಿ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ಸುಮಾರು 100 ಎಕರೆಯಲ್ಲಿ ಕಬ್ಬನ್ ಪಾರ್ಕಿಗೆ ರೂಪ ಕೊಟ್ಟನು. ನಮ್ಮ ಕಡೆಯ ಕಥೆ ಬೇರೆ. ಚಿಕ್ಕೋಡಿ, ಅಥಣಿಗಳು ಆಗ ಮುಂಬಯಿ ಪ್ರಾಂತದಲ್ಲಿದ್ದುವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಭಾರತದಲ್ಲಿ ಮೊದಲನೆಯ ನಗರಯೋಜನೆಯ ಕಾಯಿದೆ ಆದದ್ದು ಆ ಮುಂಬಯಿಯಲ್ಲೇ, 1915ರಲ್ಲಿ.

ಅದೇ ಹೊತ್ತಿಗೆ ಸ್ಕಾಟ್ಲಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಪಂಡಿತ ಭಾರತಕ್ಕೆ ಬಂದಿದ್ದನು. 1914ರಲ್ಲಿ ಅವನ ನಗರ ಪ್ರದರ್ಶನದ ಚಿತ್ರಪಟಗಳನ್ನು ತರುತ್ತಿದ್ದ ಹಡಗನ್ನು ಜರ್ಮನರ 'ಎಮ್ಡನ್' ಮುಳುಗಿಸಿತು. ಗೆಡ್ಡಿಸ್ ಎದೆಗೆಡಲಿಲ್ಲ, ಮತ್ತೆ ಕೂಡಿಹಾಕಿದನು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಅವನ ಪದ್ಧತಿ ಸರಳ: ನಕ್ಷೆ ಬರೆಯುವ ಮೊದಲು ಊರನ್ನು ನಡೆದು ನೋಡಬೇಕು; ಇದ್ದುದನ್ನು ಕೆಡವುವುದರಲ್ಲಿ ಅವಸರ ಕೂಡದು; ಮರವಿದ್ದರೆ ದಾರಿಯೇ ಬಳಸಿ ಹೋಗಲಿ. ಒಳ್ಳೆಯ ವೈದ್ಯನು ಕತ್ತರಿ ಹಿಡಿಯುವ ಮೊದಲು ನಾಡಿ ಹಿಡಿಯುವಂತೆ.

ನಾನೂ ಒಂದು ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆಯ ತನಕ ನಮ್ಮ ಉದ್ಯಾನದಲ್ಲಿ ಕುಳಿತೆ. ಬೆಳಗಿನಲ್ಲಿ ನಿವೃತ್ತರು ಸುತ್ತು ಹಾಕಿದರು. ಹತ್ತರ ಮೇಲೆ ಪರೀಕ್ಷೆಗೆ ಓದುವ ಹುಡುಗರು ಬಂದರು. ಮಧ್ಯಾಹ್ನ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಬೇವಿನ ಕೆಳಗೆ ಬುತ್ತಿ ಬಿಚ್ಚಿದರು. ಒಬ್ಬಾಕೆ ಕೂಸನ್ನು ಸೆರಗಿನ ಮೇಲೆ ಮಲಗಿಸಿದಳು. ನಕ್ಷೆಯಲ್ಲಿ ಅಂಗಡಿ ಬಂದಿರುವುದು ಸರಿಯಾಗಿ ಆ ಜಾಗಕ್ಕೆ. ಒಬ್ಬ ಮುದುಕಿಗೆ ಸಂಗತಿ ಹೇಳಿದೆ. ಆಕೆ ರೊಟ್ಟಿ ಮುರಿಯುತ್ತ, "ಯಪ್ಪಾ, ನೆಳ್ಳಾ ರೊಕ್ಕಾ ಕೇಳೂದಿಲ್ಲ. ಅಂಗಡಿ ಆತಂದ್ರ ಅಂಗಡ್ಯಾಂವ ಮೊದಲ ನಮ್ಮನ್ನ ಎಬ್ಬಸ್ತಾನು" ಎಂದಳು.

ಪುರಸಭೆಯವರ ಕಷ್ಟವೂ ಸುಳ್ಳಲ್ಲ. ನೀರು, ಮಾಲಿ, ದೀಪ ಎಲ್ಲಕ್ಕೂ ಹಣ ಬೇಕು. ಆದರೆ ಒಮ್ಮೆ ಬಿಟ್ಟುಕೊಟ್ಟ ಎಲ್ಲೆ ಹಿಂದಕ್ಕೆ ಬರುವುದಿಲ್ಲ ಎಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಆದ್ದರಿಂದಲೇ ದಾನಶಾಸನದಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲೆಂದು ಎಲ್ಲೆ ಹೇಳಿ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ಶಾಪ ಹಾಕಿದರು. ಈಗ ಶಾಪದ ಸ್ಥಾನದಲ್ಲಿ ಕಾಯಿದೆಯಿದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಬಯಲು, ತೆರೆದ ಜಾಗಗಳನ್ನು ಕಾಪಾಡುವ ಕಾಯಿದೆ 1985ರಲ್ಲಿ ಆಯಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನೆರೆಹೊರೆಯವರು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಕೆಟ್ಟದ್ದೆಂದಲ್ಲ, ಉದ್ಯಾನ ಊರಿನವರದು, ಅದರ ಮಾತಾಡಲು ಊರಿನವರಿಗೆ ಹಕ್ಕುಂಟು ಎಂದು.

ಮುಂದಿನ ಸಭೆಯಲ್ಲಿ ನಾನು ಮುದುಕಿಯ ಮಾತನ್ನೂ ಈ ತೀರ್ಪನ್ನೂ ಹೇಳಿದೆ. ಅಂಗಡಿಗಳ ಬದಲು ಗೋಡೆಯ ಹೊರಗೆ ತಳ್ಳುಗಾಡಿಗಳಿಗೆ ಜಾಗ ಗುರುತಿಸಿ ಸಣ್ಣ ಬಾಡಿಗೆ ಪಡೆಯಬಹುದೆಂದು ಒಬ್ಬ ಸದಸ್ಯರು ಸೂಚಿಸಿದರು. ಕೆಲವರು ತಲೆದೂಗಿದರು, ಕೆಲವರು ಗಡಿಯಾರ ನೋಡಿಕೊಂಡರು. ನಕ್ಷೆ ಇನ್ನೂ ಮುಗಿದಿಲ್ಲ.

ನನ್ನ ನಾಲ್ಕು ಸಾಲು ಮಾತ್ರ ಸಿದ್ಧವಾಗಿವೆ. ಹೊಗಳಿಕೆಯಿಲ್ಲ, ಯಾರ ಹೆಸರೂ ಇಲ್ಲ. ಉದ್ಯಾನದ ಮೂಡಣ ಎಲ್ಲೆ ಇಷ್ಟು ಅಡಿ, ತೆಂಕಣ ಎಲ್ಲೆ ಇಷ್ಟು, ಪಡುವಣ ಇಷ್ಟು, ಬಡಗಣ ಇಷ್ಟು. ಒಳಗೆ ಬೇವಿನ ಮರ ಏಳು. ನಾಳೆ ಅಳೆದು ನೋಡುವವನಿಗೆ ಅಷ್ಟು ಸಾಕು.