ಕಡತದ ನಡುಭಾಗ ಬದಲಿಸುವ ‘ಸೆಡ್’: ಬಳಕೆ ಹೇಗೆ, ಎಚ್ಚರ ಎಲ್ಲಿ?

ಒಂದು ಕಡತದೊಳಗಿನ ನಿರ್ದಿಷ್ಟ ಪಠ್ಯಭಾಗವನ್ನು ತೆಗೆದು, ಅದೇ ಸ್ಥಳದಲ್ಲಿ ಮತ್ತೊಂದು ಕಡತದ ಪಠ್ಯವನ್ನು ಸೇರಿಸುವ ಅಗತ್ಯ ಗಣಕಯಂತ್ರ ನಿರ್ವಾಹಕರಿಗೆ ಆಗಾಗ ಎದುರಾಗುತ್ತದೆ. ಒಂದೆರಡು ಕಡತಗಳಾದರೆ ತೆರೆದು ತಿದ್ದಬಹುದು. ಆದರೆ ನೂರಾರು ವೆಬ್ ಪುಟಗಳ ಅಡಿಯಲ್ಲಿರುವ ಸಂಸ್ಥೆಯ ವಿಳಾಸವನ್ನು ಒಮ್ಮೆಗೇ ಬದಲಿಸಬೇಕಾದಾಗ, ಯೂನಿಕ್ಸ್ ಮತ್ತು ಲಿನಕ್ಸ್ ವ್ಯವಸ್ಥೆಗಳಲ್ಲಿ ನೆರವಿಗೆ ಬರುವುದು ‘ಸೆಡ್’ ಎಂಬ ಪುಟ್ಟ ತಂತ್ರಾಂಶ. ಇದರ ಕೆಲಸ ಕ್ಷಣಾರ್ಧದ್ದು. ಆದರೆ ಆದೇಶದಲ್ಲಿ ಲೋಪವಿದ್ದರೆ ಬೇಕಾದ ಪಠ್ಯವೂ ಸದ್ದಿಲ್ಲದೆ ಅಳಿದುಹೋಗುತ್ತದೆ.

ಹಿನ್ನೆಲೆ

‘ಸ್ಟ್ರೀಮ್ ಎಡಿಟರ್’ ಎಂಬುದರ ಹ್ರಸ್ವರೂಪವೇ ಸೆಡ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮಹನ್ ಅವರು 1973-74ರಲ್ಲಿ ಇದನ್ನು ರಚಿಸಿದರು. ಕೆನ್ ಥಾಂಪ್ಸನ್ ರೂಪಿಸಿದ ‘ಎಡ್’ ಎಂಬ ಸಂಪಾದಕ ತಂತ್ರಾಂಶ ಇದಕ್ಕೆ ಮೂಲ. ಎಡ್ ಇಡೀ ಕಡತವನ್ನು ತೆರೆದಿಟ್ಟುಕೊಂಡರೆ, ಸೆಡ್ ಒಂದೊಂದೇ ಸಾಲನ್ನು ಓದಿ, ತಿದ್ದಿ, ಮುಂದಕ್ಕೆ ಸಾಗಿಸುತ್ತದೆ.

ಕಾರ್ಯವಿಧಾನ

ಬದಲಿಸಬೇಕಾದ ಭಾಗದ ಆರಂಭ ಮತ್ತು ಅಂತ್ಯದಲ್ಲಿ ಗುರುತಿನ ಸಾಲುಗಳಿರಬೇಕು. ಆ ಎರಡು ಗುರುತುಗಳನ್ನು ಅಲ್ಪವಿರಾಮದಿಂದ ಜೋಡಿಸಿದರೆ ಸೆಡ್‌ಗೆ ವ್ಯಾಪ್ತಿ ತಿಳಿಯುತ್ತದೆ. ಆ ವ್ಯಾಪ್ತಿಯೊಳಗೆ ಎರಡು ಆದೇಶಗಳು: ಆರಂಭದ ಗುರುತು ಕಂಡಾಗ ‘ಆರ್’ ಅಕ್ಷರದ ಆದೇಶ ಹೊಸ ಕಡತವನ್ನು ಓದಿಸುತ್ತದೆ, ‘ಡಿ’ ಆದೇಶ ಹಳೆಯ ಸಾಲುಗಳನ್ನು ಅಳಿಸುತ್ತದೆ. ‘ಡಿ’ ಬಂದೊಡನೆ ಸೆಡ್ ಮುಂದಿನ ಸಾಲಿಗೆ ಹೋಗುವುದರಿಂದ ‘ಆರ್’ ಮೊದಲೇ ಇರತಕ್ಕದ್ದು.

‘ಆರ್’ ನಂತರ ಸಾಲಿನ ಕೊನೆಯವರೆಗೆ ಇರುವುದೆಲ್ಲವೂ ಕಡತದ ಹೆಸರೆಂದೇ ಪರಿಗಣಿತವಾಗುತ್ತದೆ. ಆದ್ದರಿಂದ ಮುಂದಿನ ಆದೇಶವನ್ನು ಹೊಸ ಸಾಲಿನಲ್ಲಿ ಬರೆಯಬೇಕು. ಗುರುತಿನ ಸಾಲುಗಳೂ ಅಳಿಯುವುದರಿಂದ ಅವು ಹೊಸ ಕಡತದಲ್ಲೂ ಇರಬೇಕು. ಇಲ್ಲವಾದರೆ ಮುಂದಿನ ಬಾರಿ ಬದಲಿಸಲು ಜಾಗವೇ ಸಿಗದು.

ಮೂರು ಅಪಾಯಗಳು

ಮೊದಲನೆಯದು, ಅಂತ್ಯದ ಗುರುತು ಇಲ್ಲದಿರುವುದು. ಆಗ ಸೆಡ್ ಕಡತದ ಕೊನೆಯವರೆಗಿನ ಎಲ್ಲ ಸಾಲುಗಳನ್ನೂ ಅಳಿಸುತ್ತದೆ. ಇದೇ ಸಂದರ್ಭದಲ್ಲಿ ಎಡ್ ಪ್ರಶ್ನಾರ್ಥಕ ಚಿಹ್ನೆ ತೋರಿಸಿ, ಅಳಿಸದೆ ಬಿಡುತ್ತದೆ. ಒಂದೊಂದೇ ಸಾಲು ಓದುವ ಸೆಡ್‌ಗೆ ಮುಂದೇನಿದೆ ಎಂಬುದು ತಿಳಿಯದು.

ಎರಡನೆಯದು, ಸೇರಿಸಬೇಕಾದ ಕಡತವೇ ಇಲ್ಲದಿರುವುದು. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಸೆಡ್ ದೂರು ಹೇಳುವುದಿಲ್ಲ. ಹಳೆಯದು ಹೋಗುತ್ತದೆ, ಹೊಸದು ಬರುವುದಿಲ್ಲ.

ಮೂರನೆಯದು, ಫಲಿತಾಂಶವನ್ನು ‘ಗ್ರೇಟರ್ ದ್ಯಾನ್’ ಚಿಹ್ನೆಯ ಮೂಲಕ ಮೂಲ ಕಡತಕ್ಕೇ ಕಳುಹಿಸುವುದು. ಸೆಡ್ ಓದಲಾರಂಭಿಸುವ ಮುನ್ನವೇ ಆ ಕಡತ ಬರಿದಾಗಿರುತ್ತದೆ.

ಪರಿಹಾರ

ಎರಡು ಗುರುತುಗಳೂ ಇವೆಯೇ ಎಂಬುದನ್ನು ‘ಗ್ರೆಪ್’ ಆದೇಶದಿಂದ ಮೊದಲೇ ಪರೀಕ್ಷಿಸುವುದು ಕ್ಷೇಮ. ಫಲಿತಾಂಶವನ್ನು ಬೇರೆ ಹೆಸರಿನ ಕಡತದಲ್ಲಿ ಉಳಿಸಿ, ‘ಡಿಫ್’ ಆದೇಶದಿಂದ ಮೂಲದೊಡನೆ ಹೋಲಿಸಿ, ಸರಿಯಿದ್ದರಷ್ಟೇ ಹಳೆಯದರ ಸ್ಥಾನಕ್ಕೆ ತರಬೇಕು. ಗ್ನೂ ಆವೃತ್ತಿಯ ಸೆಡ್‌ನಲ್ಲಿ ನೇರವಾಗಿ ತಿದ್ದುವ ‘ಮೈನಸ್ ಐ’ ಆಯ್ಕೆಯೂ ಇದೆ. ಅದಕ್ಕೆ ಅಂಟಿಕೊಂಡಂತೆ ಒಂದು ಪ್ರತ್ಯಯ ಬರೆದರೆ ಮೂಲದ ಪ್ರತಿಯೊಂದು ಆ ಹೆಸರಿನಲ್ಲಿ ಉಳಿಯುತ್ತದೆ. ನೂರು ಕಡತಗಳನ್ನು ಮುಟ್ಟುವ ಮೊದಲು ಒಂದರ ಮೇಲೆ ಪ್ರಯೋಗಿಸಿ ನೋಡುವುದು ಒಳಿತು.