ಸಕ್ಕರೆ ಆರತಿಯ ಇತಿಹಾಸ

ಶಿಲೆಯಲ್ಲಿ ಕಂಡರಿಸಿದ ಮೂರ್ತಿಗಳ ಚರಿತ್ರೆಯನ್ನು ಬರೆದವರು ಅನೇಕರುಂಟು. ಒಂದು ಹುಣ್ಣಿವೆಗಾಗಿ ಹುಟ್ಟಿ ಮಕ್ಕಳ ಬಾಯಲ್ಲಿ ಕರಗಿಹೋಗುವ ಮೂರ್ತಿಗಳ ಚರಿತ್ರೆಯನ್ನು ವಿಚಾರಿಸಿದವರು ವಿರಳ. ಉತ್ತರ ಕರ್ನಾಟಕದ ಸಕ್ಕರೆ ಆರತಿಯು ಇಂಥದೊಂದು ಕಲೆಯಾಗಿರುವದು.

ಮೊದಲು ಸಕ್ಕರೆಯ ಪೂರ್ವವೃತ್ತಾಂತವನ್ನು ನೋಡುವಾ. ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಹರಳು ಎಂಬ ಅರ್ಥವುಂಟು. ಕೌಟಿಲ್ಯನ ಅರ್ಥಶಾಸ್ತ್ರವು ಕಬ್ಬಿನಿಂದಾಗುವ ಪದಾರ್ಥಗಳಲ್ಲಿ ಬೆಲ್ಲದೊಡನೆ ಇದನ್ನೂ ಎಣಿಸಿರುವದು. ಈ ಶಬ್ದವೇ ನಮ್ಮಲ್ಲಿ ಸಕ್ಕರೆಯೆನಿಸಿತು. ಪಾರಸಿಕರಲ್ಲಿ ಶಕರ್, ಅರಬರಲ್ಲಿ ಸುಕ್ಕರ್ ಎನಿಸಿ ಯುರೋಪವನ್ನು ಮುಟ್ಟಿತು. ಕ್ರಿ. ಶ. 647ರ ಸುಮಾರಿಗೆ ಚೀನದ ಟಾಂಗ್ ಚಕ್ರವರ್ತಿಯು ಸಕ್ಕರೆಯ ಪಾಕವಿದ್ಯೆಯನ್ನು ಕಲಿತುಬರಲು ಮಗಧಕ್ಕೆ ಜನರನ್ನು ಕಳುಹಿದನು.

ಸಕ್ಕರೆಯು ದುರ್ಲಭವಾಗಿದ್ದ ಕಾಲದಲ್ಲಿ ಅದರ ಶಿಲ್ಪವು ಅರಸರ ಐಶ್ವರ್ಯಪ್ರದರ್ಶನವಾಗಿತ್ತು. 11ನೆಯ ಶತಮಾನದಲ್ಲಿ ಕೈರೋ ನಗರಕ್ಕೆ ಹೋಗಿದ್ದ ಪಾರಸಿಕ ಪ್ರವಾಸಿ ನಾಸಿರ್ ಖುಸ್ರೋ ಎಂಬವನು, ಸುಲ್ತಾನನ ಔತಣದಲ್ಲಿ ಕೊಂಬೆ, ಎಲೆ, ಹಣ್ಣುಗಳೆಲ್ಲ ಸಕ್ಕರೆಯವೇ ಆಗಿದ್ದ ಮರವೊಂದನ್ನು ವರ್ಣಿಸಿರುವನು. 1574ರಲ್ಲಿ ವೆನಿಸ್ ನಗರವು ಫ್ರಾನ್ಸದ ಅರಸ 3ನೆಯ ಹೆನ್ರಿಗೆ ಮಾಡಿದ ಸತ್ಕಾರದಲ್ಲಿ ಕೈವಸ್ತ್ರಗಳು ಸಹ ಸಕ್ಕರೆಯವಾಗಿದ್ದವು.

ನಮ್ಮ ನಾಡಿನಲ್ಲಾದರೋ ಈ ಶಿಲ್ಪವು ಒಕ್ಕಲಿಗರ ಮನೆಯ ಪಡಸಾಲೆಗೂ ಬಂದಿರುವದು. ಬೆಲ್ಲವು ನಿತ್ಯದ ಸಿಹಿಯಾಗಿದ್ದ ಮನೆಗಳಿಗೆ ಸಕ್ಕರೆಯು ಹಬ್ಬದ ಪದಾರ್ಥವಾಗಿತ್ತು. 1932ರ ಸಂರಕ್ಷಣ ಶಾಸನದ ತರುವಾಯ ದೇಶದಲ್ಲಿ ಸಕ್ಕರೆಯ ಕಾರಖಾನೆಗಳು ಹೆಚ್ಚಿದವು. 1933ರಲ್ಲಿ ಮಂಡ್ಯದ ಕಂಪನಿಯೂ ಸ್ಥಾಪಿತವಾಯಿತು. ಇದರಿಂದ ಬಿಳಿಯ ಸಕ್ಕರೆಯು ಸಾಮಾನ್ಯರಿಗೆ ಸುಲಭವಾಯಿತು.

ಕಾರ್ತಿಕದ ಗೌರಿ ಹುಣ್ಣಿವೆಯ ಸಂಜೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ತೇರು, ಆನೆ, ಒಂಟೆ, ನವಿಲು, ಬಸವಣ್ಣ, ಶಿವಪಾರ್ವತಿಯರ ಸಕ್ಕರೆಯ ಮೂರ್ತಿಗಳನ್ನಿಟ್ಟು, ದೀಪ ಹಚ್ಚಿ, ಹಾಡುತ್ತ ಗೌರಿಗೆ ಬೆಳಗುವರು. ನಿಶ್ಚಿತಾರ್ಥವಾದ ಕನ್ನೆಗೆ ವರನ ಮನೆಯವರು ಸೀರೆಯೊಡನೆ ಸಕ್ಕರೆ ಆರತಿಯನ್ನು ಒಯ್ದು ಕೊಡುವ ಪದ್ಧತಿಯುಂಟು. ಬಳಿಕ ಆ ತೇರೂ ಆನೆಯೂ ಒಡೆದು ನೆರೆಹೊರೆಗೆ ಹಂಚಲ್ಪಡುವವು. ಅರಸರ ಔತಣದಲ್ಲಿ ನೋಟಕ್ಕೆ ನಿಂತ ಸಕ್ಕರೆಯು ಇಲ್ಲಿ ಬಾಂಧವ್ಯವನ್ನು ಬೆಸೆಯುವದು.

ಇದರ ಕ್ರಮವು ಸೂಕ್ಷ್ಮವಾದದ್ದು. ನೀರಿನಲ್ಲಿ ಸಕ್ಕರೆಯನ್ನು ಕುದಿಸಿ, ತುಸು ಹಾಲು ಹಾಕಿದರೆ ಹೊಲಸು ನೊರೆಯಾಗಿ ಮೇಲೇಳುವದು, ಅದನ್ನು ತೆಗೆದುಹಾಕುವರು. ಹದಕ್ಕೆ ಬಂದ ಪಾಕವನ್ನು ಬೆಳ್ಳಗಾಗುವವರೆಗೆ ತಿಕ್ಕಿ, ನೀರಿನಲ್ಲಿ ನೆನೆದ ಕಟ್ಟಿಗೆಯ ಅಚ್ಚಿನ ಹೋಳುಗಳನ್ನು ಬಿಗಿದು ಕಟ್ಟಿ, ಅದರಲ್ಲಿ ಸುರಿಯುವರು. ತಿಕ್ಕುವದರಿಂದಲೇ ಪಾಕವು ಸಣ್ಣ ಹರಳುಗಟ್ಟಿ ಗಟ್ಟಿಯಾಗುವದು. ಹದ ತಪ್ಪಿದರೆ ಮೂರ್ತಿಯು ಅಂಟುವದು ಇಲ್ಲವೆ ಬಿರಿಯುವದು. ಈ ಕಾಯಕದ ಮನೆತನಗಳಲ್ಲಿ ಮುಸಲ್ಮಾನರೂ ಇರುವರು.

ಅಚ್ಚು ಕೊರೆಯುವ ಬಡಿಗನ ಜಾಣ್ಮೆಯಂತೂ ಬೇರೆಯೇ. ಮೂರ್ತಿಯಲ್ಲಿ ಉಬ್ಬಬೇಕಾದದ್ದನ್ನು ಆತನು ತಗ್ಗಾಗಿ ಕೊರೆಯಬೇಕು; ಬಲಕ್ಕೆ ನೋಡಬೇಕಾದ ನವಿಲನ್ನು ಎಡಕ್ಕೆ ತಿರುಗಿಸಬೇಕು. ಸಕ್ಕರೆಯ ಮೂರ್ತಿಗಳು ಕಾಲಕ್ಕೆ ಉಳಿಯವು. ಈ ಕಲೆಗೆ ಅಚ್ಚುಗಳೇ ಶಾಸನಗಳು. ಪೇಟೆಯಿಂದ ಕೊಂಡು ತರುವ ರೂಢಿಯು ಬೆಳೆದಂತೆ ಮನೆಯ ಹಳೆಯ ಅಚ್ಚುಗಳು ಅಟ್ಟವನ್ನೇರುತ್ತಿರುವವು. ಕೆಲವು ಒಲೆಯನ್ನು ಸೇರಿದರೂ ಆಶ್ಚರ್ಯವಿಲ್ಲ. ಅಚ್ಚು ಹಾಳಾದರೆ ಅದರ ತೇರು ಮತ್ತೆ ಸಾಗದು. ಆದುದರಿಂದ ಸದ್ಭಕ್ತರು ತಮ್ಮ ಮನೆಯ ಅಚ್ಚುಗಳನ್ನು ಒರೆಸಿ ಕಾಯ್ದಿಡಲಿ; ವರ್ಷಕ್ಕೊಮ್ಮೆಯಾದರೂ ಅವುಗಳಲ್ಲಿ ಪಾಕವು ಬೀಳಲಿ; ಹದವನ್ನರಿತ ಹಿರಿಯರು ಅದನ್ನು ಮಕ್ಕಳ ಕೈಗೆ ಕಲಿಸಲಿ.